ಬೊಂಬೆಯ ಪೆಟ್ಟಿಗೆಗೆ ಬೆಂಕಿ ವಿಮೆ

ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಬೊಂಬೆಯೊಂದು ಉರುಳಿ ಬೀಳುವ ಪೆಟ್ಟಿಗೆಗಳನ್ನು ಅಂಗಡಿಗಳ ಬಾಗಿಲಲ್ಲಿ ನಾವು ಕಂಡಿದ್ದೇವೆ. ಹೈದರಾಬಾದಿಗೆ ದುಡಿಯಲು ಬಂದ ನಮ್ಮವರಲ್ಲಿ ಕೆಲವರು, ಸಂಬಳದ ಜೊತೆಗೆ ನಾಲ್ಕು ಕಾಸು ಸೇರಲೆಂದು ಇಂಥ ಪೆಟ್ಟಿಗೆ ಇಡುವ, ಇಲ್ಲವೆ ಚನ್ನಪಟ್ಟಣದ ಬೊಂಬೆ ತರಿಸಿ ಮಾರುವ ಯೋಚನೆ ಮಾಡುವುದುಂಟು. ಬಂಡವಾಳದ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಸುಟ್ಟುಹೋದರೆ ಏನು ಗತಿ ಎಂದು ಲೆಕ್ಕ ಹಾಕುವವರು ಕಡಮೆ.

ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಆರಂಭಿಸಿದ ನುಮಾಯಿಷ್ ಈಗ ನಾಂಪಲ್ಲಿಯ ಮೈದಾನದಲ್ಲಿ ನಡೆಯುತ್ತದೆ. 2019ರ ಜನವರಿ 30ರ ರಾತ್ರಿ ಅಲ್ಲಿ ಬೆಂಕಿ ಬಿದ್ದು ಬಹಳಷ್ಟು ಮಳಿಗೆಗಳು ಬೂದಿಯಾದವು. ಚನ್ನಪಟ್ಟಣದ ಬೊಂಬೆ ಮರದ್ದು, ಬಣ್ಣ ಅರಗಿನದು; ಬೆಂಕಿಗೆ ಇದಕ್ಕಿಂತ ಒಳ್ಳೆಯ ತುತ್ತು ಬೇಕೆ?

ಒಂದು ಸ್ಥಳದಲ್ಲಿರುವ ಸ್ವತ್ತಿನ ಬೆಲೆ 5 ಕೋಟಿ ರೂಪಾಯಿ ಮೀರದ ವ್ಯಾಪಾರಗಳಿಗೆಂದು 2021ರ ಏಪ್ರಿಲ್‌ 1ರಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗಲಭೆ ಮೊದಲಾದವುಗಳಿಂದಾದ ನಷ್ಟವನ್ನು ಅದು ತುಂಬಿಕೊಡುತ್ತದೆ. 2020ರ ಅಕ್ಟೋಬರಿನ ಮಳೆಯನ್ನು ಕಂಡವರಿಗೆ ನೆರೆ ಎಂಬ ಮಾತಿನ ತೂಕವನ್ನು ನಾವು ತಿಳಿಸಬೇಕಾಗಿಲ್ಲ.

ನಮ್ಮವರು ಎಡವುವುದು ವಿಳಾಸದಲ್ಲಿ. ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರೆದ ಸ್ಥಳದಲ್ಲಿದ್ದ ಸರಕಿಗೆ ಮಾತ್ರ ರಕ್ಷಣೆ. ಕಾಚಿಗುಡದ ಬಾಡಿಗೆ ಕೋಣೆಯ ವಿಳಾಸ ಕೊಟ್ಟು ಪಾಲಿಸಿ ಮಾಡಿಸಿ, ಬೊಂಬೆಗಳನ್ನು ನಾಂಪಲ್ಲಿಗೆ ಒಯ್ದು ಮಾರುವಾಗ ಬೆಂಕಿ ಬಿದ್ದರೆ, ವಿಮೆಯವರು ಕಾಚಿಗುಡದಲ್ಲಿ ಏನೂ ಸುಟ್ಟಿಲ್ಲವಲ್ಲ ಎನ್ನುತ್ತಾರೆ. ಪೆಟ್ಟಿಗೆಗಳ ಮಾತೂ ಹಾಗೆಯೇ. ಅವು ನಾಲ್ಕು ಅಂಗಡಿಗಳಲ್ಲಿದ್ದರೆ ನಾಲ್ಕು ವಿಳಾಸಗಳನ್ನೂ ಬರೆಸಬೇಕು. ಅಂಗಡಿಯವರ ವಿಮೆಯಲ್ಲಿ ನಮ್ಮ ಪೆಟ್ಟಿಗೆಯೂ ಸೇರಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ, ಕಾಗದ ತೋರಿಸಲಿ. ಜಾತ್ರೆಗೋ ಪ್ರದರ್ಶನಕ್ಕೋ ಸರಕು ಸಾಗಿಸುವ ಮುನ್ನ ವಿಮೆಯವರಿಗೆ ಬರೆದು ತಿಳಿಸಿ, ಅವರ ಒಪ್ಪಿಗೆಯನ್ನೂ ಬರಹದಲ್ಲಿಯೇ ಪಡೆಯಬೇಕು.

ಎರಡನೆಯದು ಮೊಬಲಗು. ಕಂತು ಉಳಿಸಲೆಂದು ಬೆಲೆಯನ್ನು ಕಡಮೆ ತೋರಿಸುವವರಿದ್ದಾರೆ. 1 ಲಕ್ಷ ರೂಪಾಯಿಯ ಸರಕಿಗೆ 60,000ಕ್ಕೆ ವಿಮೆ ಮಾಡಿಸಿ, 40,000ದ ಬೊಂಬೆ ಸುಟ್ಟರೆ ಪೂರ್ತಿ 40,000 ಬರುವುದಿಲ್ಲ. ನೂರಕ್ಕೆ ಅರವತ್ತರ ಪ್ರಮಾಣದಲ್ಲಿ 24,000 ಬರುತ್ತದೆ. ಕೊರತೆ ನೂರಕ್ಕೆ 15ರೊಳಗಿದ್ದರೆ ಈ ಪಾಲಿಸಿಯಲ್ಲಿ ಹೀಗೆ ಕಡಿತ ಮಾಡುವಂತಿಲ್ಲ.

ಕಳ್ಳತನದ ವಿಷಯ ಬೇರೆ. ಬೆಂಕಿ, ನೆರೆ ಮುಂತಾದ ಆಪತ್ತು ಬಂದ 7 ದಿನಗಳೊಳಗೆ ಅದರಿಂದಲೇ ಆದ ಕಳವಿಗೆ ಈ ಪಾಲಿಸಿ ಸಲ್ಲುತ್ತದೆ. ಯಾರೋ ಸುಮ್ಮನೆ ಬೀಗ ಮುರಿದು ಸರಕು ಒಯ್ದರೆ ಸಲ್ಲದು. ಅದಕ್ಕೆ ಕನ್ನಗಳವಿನ ವಿಮೆ ಬೇರೆ ಬೇಕು. ಪೆಟ್ಟಿಗೆಯೊಳಗಿನ ಚಿಲ್ಲರೆ ಹಣಕ್ಕೂ, ಯಂತ್ರ ತಾನಾಗಿ ಕೆಟ್ಟು ನಿಲ್ಲುವುದಕ್ಕೂ ಏನು ರಕ್ಷಣೆ ಎಂದು ಬಿಡಿಬಿಡಿಯಾಗಿ ಕೇಳಬೇಕು.

ಸರಕು ಕೊಂಡ ರಸೀದಿಗಳನ್ನು ಸರಕಿನ ಜೊತೆ ಇಡಬೇಡಿ. ಎರಡೂ ಒಟ್ಟಿಗೆ ಸುಟ್ಟರೆ ಬೆಲೆಗೆ ಸಾಕ್ಷಿಯೇ ಇರದು. ಊರಿನಲ್ಲಿರುವ ಅಣ್ಣನಿಗೋ ಭಾವನಿಗೋ ಒಂದು ಪ್ರತಿ ಕಳಿಸಿ, ಫೋನಿನಲ್ಲಿಯೂ ಚಿತ್ರ ತೆಗೆದಿಡಿ.

ವಿಮೆಯವರು ಕೊಡುವುದಿಲ್ಲವೆಂದರೆ ಮೊದಲು ಅವರಿಗೇ ಬರೆದು ದೂರು ಕೊಡಬೇಕು. ಅದನ್ನು ತಳ್ಳಿಹಾಕಿದರೆ, ಇಲ್ಲವೆ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ವಿಮಾ ಓಂಬುಡ್ಸ್‌ಮನ್‌ರಿಗೆ ಬರೆಯಬಹುದು. ಒಬ್ಬರೇ ನಡೆಸುವ ಸಣ್ಣ ವ್ಯಾಪಾರದವರಿಗೂ ಆ ಬಾಗಿಲು ತೆರೆದಿದೆ. ತೆಲಂಗಾಣದ ದೂರುಗಳನ್ನು ಕೇಳುವ ಕಚೇರಿ ಹೈದರಾಬಾದಿನಲ್ಲಿಯೇ ಇದೆ. ತಳ್ಳಿಹಾಕಿದ ಪತ್ರ ಕೈಸೇರಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಶುಲ್ಕವಿಲ್ಲ, ವಕೀಲರೂ ಬೇಡ.