ಠರಾವು ಪುಸ್ತಕ ಓದಿ ಹೇಳಿದ ಮೇಲೆ

ಏಳು ಜನರ ಸಹಿ ಸಿಕ್ಕರೆ ಕರ್ನಾಟಕದಲ್ಲಿ ಒಂದು ಸಂಘ ನೋಂದಣಿಯಾಗಬಹುದು. 1960ರ ಸಂಘಗಳ ನೋಂದಣಿ ಕಾಯ್ದೆಗೆ ಅಷ್ಟು ಜನ ಸಾಕು. ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ನಾನು ಬಲ್ಲ ಯುವಕ ಮಂಡಳ, ಮಹಿಳಾ ಮಂಡಳ, ಕಲಾ ಸಂಘಗಳೆಲ್ಲ ಹೀಗೇ ಹುಟ್ಟಿದವು. ಒಬ್ಬರಿಗೆ ಉಮೇದು ಇರುತ್ತದೆ. ಉಳಿದ ಆರು ಜನ ಅವರ ಅಣ್ಣತಮ್ಮಂದಿರು, ಗೆಳೆಯರು, ಓಣಿಯ ಹಿರಿಯರು. 1997ಕ್ಕೆ ಮುಂಚೆ ಕಾಗದಪತ್ರ ಹಿಡಿದು ಧಾರವಾಡಕ್ಕೆ ಹೋಗಬೇಕಿತ್ತು, ಹಾವೇರಿ ಜಿಲ್ಲೆಯಾದ ಮೇಲೆ ಹಾವೇರಿಗೆ ಹೋದರೆ ಸಾಕಾಯಿತು. ಆದರೆ ಆ ಏಳು ಜನ ಕೂಡಿ ಒಂದು ಆಡಳಿತ ಮಂಡಳಿ ಆಗುವುದು ಹೇಗೆಂದು ಯಾವ ಕಚೇರಿಯೂ ಹೇಳಿಕೊಡುವುದಿಲ್ಲ. ಸವಣೂರಿನ ಒಂದು ಸಣ್ಣ ಸಂಘದ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದ ನಾನು ಅದನ್ನು ಕಲಿತದ್ದು ಠರಾವು ಪುಸ್ತಕದಿಂದ.

ಮಕ್ಕಳಿಗೆ ಸಂಜೆ ಪಾಠ, ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ ಇವಿಷ್ಟೇ ನಮ್ಮ ಸಂಘದ ಕೆಲಸ. ನಾನು ಕಾರ್ಯದರ್ಶಿಯಾಗಿ ಬಂದಾಗ ಠರಾವು ಪುಸ್ತಕ ಮನೆಮನೆಗೆ ಹೋಗುತ್ತಿತ್ತು. ಹುಡುಗನೊಬ್ಬ ಸೈಕಲ್ ಮೇಲೆ ಒಯ್ದು, ‘ಸಹಿ ಮಾಡ್ರಿ ಸಾಹೇಬ್ರ, ಮೀಟಿಂಗ್ ಆಗೇತಿ’ ಅನ್ನುತ್ತಿದ್ದ. ಸದಸ್ಯರು ಬಾಗಿಲಲ್ಲೇ ನಿಂತು ಸಹಿ ಹಾಕುತ್ತಿದ್ದರು. ಅವರೆಲ್ಲ ಒಳ್ಳೆಯವರು, ಅಧ್ಯಕ್ಷರ ಮೇಲೆ ಪೂರ್ತಿ ನಂಬಿಕೆ ಇಟ್ಟವರು. ಅಧ್ಯಕ್ಷರೂ ಆ ನಂಬಿಕೆಗೆ ತಕ್ಕವರೇ. ಆದರೆ ಸಂಘದ ಹತ್ತಿರ ಎಷ್ಟು ದುಡ್ಡಿದೆ, ಅದು ಯಾವ ಬ್ಯಾಂಕಿನಲ್ಲಿದೆ ಎಂಬುದು ಇಬ್ಬರನ್ನು ಬಿಟ್ಟು ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಪುಸ್ತಕ ಮನೆಮನೆಗೆ ಹೋಗುವುದನ್ನು ನಿಲ್ಲಿಸಿದೆವು. ತಿಂಗಳ ಸಭೆಯಲ್ಲಿ ಮೊದಲು ಹಿಂದಿನ ಠರಾವನ್ನು ಗಟ್ಟಿಯಾಗಿ ಓದುವುದು, ಆಮೇಲೆ ಜಮಾ-ಖರ್ಚನ್ನು ಸಾಲುಸಾಲಾಗಿ ಓದುವುದು, ಓದುತ್ತಿರುವಾಗಲೇ ಬ್ಯಾಂಕ್ ಪಾಸ್‌ಬುಕ್ಕು, ರಸೀದಿಗಳು ಕೈಯಿಂದ ಕೈಗೆ ಹೋಗುವುದು ಎಂದು ಗೊತ್ತು ಮಾಡಿಕೊಂಡೆವು. ಒಬ್ಬ ಹಿರಿಯರಿಗೆ ಇದು ನೋವು ತಂದಿತು. ‘ನಮ್ಮ ಮ್ಯಾಲ ಸಂಶಯೇನ್ರೀ ಅಕ್ಕಾರ?’ ಎಂದು ಕೇಳಿದರು. ‘ಸಂಶಯ ಇಲ್ರೀ ಅಜ್ಜಾರ. ನಾಳೆ ಓಣ್ಯಾಗ ಯಾರರ ನಿಮ್ಮನ್ನ ಕೇಳಿದ್ರ ನೀವು ಹೇಳಾಕ ಬರಬೇಕಲ್ರೀ’ ಅಂದೆ. ಮುಂದಿನ ಸಭೆಗೆ ಅವರೇ ಕನ್ನಡಕ ಹಾಕಿಕೊಂಡು ಬಂದು ರಸೀದಿಗಳನ್ನು ಒಂದೊಂದಾಗಿ ನೋಡಿದರು.

ಮೊದಲ ಕೆಲವು ತಿಂಗಳು ಯಾರೂ ಏನನ್ನೂ ಕೇಳಲಿಲ್ಲ. ಆಮೇಲೆ ಒಂದು ಸಲ, ಎಲೆತೋಟ ಮಾಡಿಕೊಂಡಿದ್ದ ಸದಸ್ಯೆಯೊಬ್ಬರು ಹೊಲಿಗೆ ಯಂತ್ರದ ಬಾಡಿಗೆ ಎಂಬ ಸಾಲಿಗೆ ತಡೆದರು. ‘ಬ್ಯಾಸಗ್ಯಾಗ ಕ್ಲಾಸ್ ಇರಂಗಿಲ್ಲ, ಬಾಡಿಗಿ ಯಾಕ್ರೀ?’ ಎಂದರು. ಎರಡು ಯಂತ್ರಗಳನ್ನು ವಾಪಸು ಕೊಡಬೇಕೆಂದು ಹಿಂದೊಮ್ಮೆ ಠರಾವು ಆಗಿತ್ತು, ಆದರೆ ಯಾರು ಕೊಡಬೇಕು ಎಂದು ಅದರಲ್ಲಿ ಬರೆದಿರಲಿಲ್ಲ. ಸವಣೂರಿನ ವೀಳ್ಯದೆಲೆಗೆ ದೂರದೂರಿನ ಪೇಟೆಗಳಲ್ಲಿ ಹೆಸರಿದೆ. ಆ ಎಲೆಯನ್ನು ಎಣಿಸಿ ಕಟ್ಟು ಕಟ್ಟುವ ಕೈಗೆ ಲೆಕ್ಕ ಹೇಳಿಕೊಡುವ ಅಗತ್ಯವೇ ಇರಲಿಲ್ಲ, ನಮ್ಮ ಲೆಕ್ಕ ಅವರ ಮುಂದೆ ಬಂದದ್ದೇ ತಡವಾಗಿತ್ತು. ಆಡಳಿತ ಮಂಡಳಿಗೆ ತರಬೇತಿ ಕೊಡಬೇಕೆಂದು ದೊಡ್ಡ ಸಂಸ್ಥೆಗಳು ಶಿಬಿರ ಮಾಡುತ್ತವೆ. ಅವು ಬೇಡ ಅನ್ನುವುದಿಲ್ಲ. ಆದರೆ ಶಿಬಿರದಲ್ಲಿ ಕೂತೆದ್ದ ಹತ್ತು ಜನಕ್ಕಿಂತ, ತನ್ನ ಸಂಘದ ಪಾಸ್‌ಬುಕ್ಕು ಕೈಯಲ್ಲಿ ಹಿಡಿದು ನೋಡಿದ ಒಬ್ಬ ಸದಸ್ಯೆಯಿಂದ ಸಂಘಕ್ಕೆ ಹೆಚ್ಚು ಬಲ ಬರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆ ಪ್ರಶ್ನೆಯ ನಂತರ ಠರಾವು ಬರೆಯುವ ರೀತಿಯನ್ನೂ ಬದಲಿಸಿದೆವು. ‘ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂಬ ಸಾಲಿನ ಕೆಳಗೆ ಯಾರು, ಏನು, ಯಾವ ತಾರೀಖಿನೊಳಗೆ ಎಂದು ಮಾತನಾಡುವ ಕನ್ನಡದಲ್ಲೇ ಬರೆಯತೊಡಗಿದೆವು. ನವಾಬರು ಆಳಿದ ಊರು ನಮ್ಮದು. ಸದಸ್ಯೆಯರಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಉರ್ದು ಮಾತನಾಡುತ್ತಾರೆ. ಪೇಟೆಯ ಕನ್ನಡ ಅವರಿಗೆ ಚೆನ್ನಾಗಿ ಬರುತ್ತದೆ, ಕಚೇರಿಯ ಕನ್ನಡಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಓದಿದ್ದನ್ನು ಒಬ್ಬರು ಉರ್ದುವಿನಲ್ಲಿ ಮತ್ತೊಮ್ಮೆ ಹೇಳುವ ಪದ್ಧತಿ ಬಂದ ಮೇಲೆ ತಲೆಯಾಡಿಸುವುದು ನಿಂತು ಚರ್ಚೆ ಶುರುವಾಯಿತು. ಸಭೆಯ ಹೊತ್ತನ್ನೂ ಬದಲಿಸಿದೆವು. ಶುಕ್ರವಾರದ ನಮಾಜಿನ ಹೊತ್ತು, ಎಲೆ ಕೊಯ್ದು ಪೇಟೆಗೆ ಕಳಿಸುವ ಹೊತ್ತು, ಸಂಜೆ ಒಲೆ ಹಚ್ಚುವ ಹೊತ್ತು ಇವನ್ನು ಬಿಟ್ಟು ಸಭೆ ಕರೆದೆವು. ಕೋರಂ ಇಲ್ಲವೆಂದು ಸಭೆ ಮುಂದೂಡುವ ಪ್ರಸಂಗ ಆಮೇಲೆ ಬರಲಿಲ್ಲ. ವಾಟ್ಸ್ಆ್ಯಪ್ ಗುಂಪನ್ನು ಸಭೆಯ ತಾರೀಖು ತಿಳಿಸಲು ಮಾತ್ರ ಇಟ್ಟುಕೊಂಡೆವು. ದುಡ್ಡಿನ ಮಾತು ಎದುರಾಬದುರು ಕೂತೇ ಆಗಬೇಕು.

ಮಾಹಿತಿ ಎಲ್ಲರದಾದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಸಾಕ್ಷಿಯಿದೆ. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದವು. ನೀಲಗಿರಿ ಬೆಳೆಸಲೆಂದು ಹಲವು ಜಿಲ್ಲೆಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಜಮೀನನ್ನು ಅದಕ್ಕೆ ಕೊಡುವ ಒಪ್ಪಂದವಾಗಿತ್ತು. ಹಳ್ಳಿಯವರು ದನ ಮೇಯಿಸುತ್ತಿದ್ದ, ಕಟ್ಟಿಗೆ ತರುತ್ತಿದ್ದ ಜಾಗಗಳು ಅವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ನಿಂತಿತು, ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು-ಮೇವಿನ ಸಸಿಗಳನ್ನು ನೆಟ್ಟರು. ಅದೇ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. 1990ರ ದಶಕದ ಆರಂಭದಲ್ಲಿ ಆ ಕಂಪನಿಯೇ ಮುಚ್ಚಿತು.

ಆ ಹೋರಾಟ ಕಂಡ ಹಿರಿಯರೊಬ್ಬರನ್ನು, ಪೊಲೀಸರ ಅಂಜಿಕೆ ಇರಲಿಲ್ಲವೇ ಎಂದು ಕೇಳಿದ್ದೆ. ‘ಇತ್ರೀ. ಆದ್ರ ಎಷ್ಟು ಎಕರೆ ಹೋಗೇತಿ, ಯಾರಿಗೆ ಹೋಗೇತಿ ಅನ್ನೂದು ಎಲ್ಲಾರಿಗೂ ಗೊತ್ತಿತ್ತು’ ಅಂದರು. ಹಿರೇಮಠರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಒಪ್ಪಂದದ ಅಂಕಿಸಂಖ್ಯೆ ಹಳ್ಳಿಯ ಮಾತಾಗುವಂತೆ ಮಾಡುವುದೂ ಅಷ್ಟೇ ದೊಡ್ಡ ನಾಯಕತ್ವ ಎಂದು ನನಗೆ ಆ ಹಿರಿಯರ ಮಾತಿನಿಂದ ತಿಳಿಯಿತು.

ನಮ್ಮ ಸಂಘದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಅಧಿಕಾರ ಕೈ ಬದಲಾಯಿಸುವ ವಿಷಯ. ದೀರ್ಘಕಾಲದ ಅಧ್ಯಕ್ಷರು ಬೇಡವೇ ಬೇಡ ಎಂದು ನಾನು ಹೇಳಲಾರೆ. ಹಾವೇರಿ ತಾಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಐದು ದಶಕಗಳ ಕಾಲ ಮುನ್ನಡೆಸಿದರು. ಆದರೆ 1890ರಲ್ಲಿ ಹುಟ್ಟಿದ ಆ ಸಂಘಕ್ಕೆ ದೊಡ್ಡ ಸದಸ್ಯಬಳಗವಿತ್ತು, ಮತ ಕೇಳಿ ಗೆಲ್ಲಬೇಕಾದ ಚುನಾವಣೆ ಇತ್ತು. 2020ರ ಮಾರ್ಚ್‌ನಲ್ಲಿ ಅವರು ತೀರಿಕೊಂಡ ಮೇಲೂ ಸಂಘ ನಡೆದಿದೆ. ನಮ್ಮ ಸಣ್ಣ ಸಂಘಗಳಲ್ಲಿ ಅಂಥ ಅಧ್ಯಕ್ಷತೆ ಇರುತ್ತದೆ, ಅದನ್ನು ಹೊರುವ ಸದಸ್ಯಬಲ ಇರುವುದಿಲ್ಲ.

ನೆರೆಯ ತಾಲೂಕಿನ ಒಂದು ಸಂಸ್ಥೆಯ ಕಾರ್ಯದರ್ಶಿ ತೀರಿಕೊಂಡಾಗ ನಾನು ನೆರವಿಗೆ ಹೋಗಿದ್ದೆ. ಆದಾಯ ತೆರಿಗೆ ರಿಯಾಯಿತಿಯ ನೋಂದಣಿಯನ್ನು 2021ರ ಏಪ್ರಿಲ್‌ನಿಂದ ಹೊಸದಾಗಿ ಮಾಡಿಸಬೇಕಾಯಿತು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮವೂ ಆಗ ಬಂದಿತ್ತು. ಆ ಸಂಸ್ಥೆಯ ಲಾಗಿನ್, ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್ ನಂಬರ್ ಎಲ್ಲವೂ ತೀರಿಕೊಂಡವರ ಹೆಸರಿನಲ್ಲೇ ಇದ್ದವು. ಬೇರೂರಿನಲ್ಲಿದ್ದ ಅವರ ಮಗ ಅಪ್ಪನ ಕ್ರಿಯಾಕರ್ಮ ಮುಗಿಸುವ ಮೊದಲೇ ನಾವು ಸಿಮ್ ಕಾರ್ಡ್ ಕೇಳಬೇಕಾಯಿತು. ಆ ಸಂಕಟವನ್ನು ಮರೆಯಲು ನನ್ನಿಂದ ಆಗಿಲ್ಲ.

ಊರಿಗೆ ಬಂದು ವಿಶೇಷ ಸಭೆ ಕರೆದೆವು. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಸತತ ಎರಡೇ ಅವಧಿ ಎಂದು ಬೈಲಾ ತಿದ್ದಿದೆವು. ಸಂಘದ ಹೆಸರಿನ ಒಂದು ಮೊಬೈಲ್, ಇಬ್ಬರ ಬಳಿ ಪಾಸ್‌ವರ್ಡ್, ಪ್ರತಿ ಪದಾಧಿಕಾರಿಯ ಜೊತೆ ಕಲಿಯುವ ಒಬ್ಬ ಸದಸ್ಯ ಎಂದೂ ಠರಾವಾಯಿತು. ‘ಮುಖ ನೋಡಿ ದೇಣಿಗಿ ಕೊಡ್ತಾರ್ರೀ. ಯಜಮಾನ್ರ ಇಳದ್ರ ಯಾರು ಕೊಡ್ತಾರ?’ ಎಂಬ ಆಕ್ಷೇಪ ಬಂತು. ಅದು ಸುಳ್ಳಾಗಿರಲಿಲ್ಲ, ಆ ವರ್ಷ ದೇಣಿಗೆ ಇಳಿಯಿತು. ಹೊಲಿಗೆ ತರಗತಿಯಲ್ಲೇ ಕಲಿತು ಮಂಡಳಿಗೆ ಬಂದ ಹೆಣ್ಣುಮಗಳು ಹೊಸ ಅಧ್ಯಕ್ಷೆ. ಹಳೆಯ ಯಜಮಾನರು ಅವಳನ್ನು ಜೊತೆಗೆ ಕರೆದುಕೊಂಡು ಅಂಗಡಿ ಅಂಗಡಿ ತಿರುಗಿದರು, ಬ್ಯಾಂಕಿನಲ್ಲಿ, ಪುರಸಭೆಯಲ್ಲಿ ‘ಇನ್ನ ಮ್ಯಾಲ ಇವ್ರ ಕೂಡ ಮಾತಾಡ್ರಿ’ ಎಂದು ಪರಿಚಯಿಸಿದರು. ಅವರ ಜೀವಮಾನದ ಸೇವೆಯಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವುದು ಆ ಕೆಲವು ವಾರಗಳನ್ನು.

ವಾರ್ಷಿಕ ಸರ್ವಸಾಧಾರಣ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗೆ ತಲುಪಬೇಕು, ಪರಿಶೋಧಿತ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ಈ ಲೇಖನ ಓದುತ್ತಿರುವ ನಿಮ್ಮ ಹೆಸರೂ ಯಾವುದೋ ಸಂಘದ ಪಟ್ಟಿಯಲ್ಲಿ ಇರಬಹುದು. ಇದ್ದರೆ, ಮುಂದಿನ ಸಲ ಠರಾವು ಪುಸ್ತಕ ಮುಂದೆ ಬಂದಾಗ ಪೆನ್ನು ಎತ್ತುವ ಮೊದಲು ಅದನ್ನು ಓದಿ ಹೇಳಲು ಕೇಳಿ. ಪಾಸ್‌ಬುಕ್ಕನ್ನೂ ತರಿಸಿ ನೋಡಿ.