ಮುಗಿಸಿದ ಗೇಮ್ ಮತ್ತೆ ಆಡುವ ಸುಖ, ಆಡಿದ್ದರ ಲೆಕ್ಕ

ಪ್ರಶ್ನೆ: ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಚಿಕ್ಕಪ್ಪನ ಮಗ ಒಮ್ಮೆ ಮುಗಿಸಿದ ಗೇಮನ್ನೇ ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಯಾವ ಗೇಮ್ ಎಷ್ಟು ತಾಸು ಆಡಿದೆ, ಯಾವುದು ಬಾಕಿ ಇದೆ ಅಂತ ಮೊಬೈಲಿನಲ್ಲಿ ಪಟ್ಟಿ ಬೇರೆ ಇಟ್ಟಿದ್ದಾನೆ. ನಾವೂ ಚಿಕ್ಕವರಿದ್ದಾಗ ಟಿವಿಗೆ ವಿಡಿಯೋ ಗೇಮ್ ಹಾಕಿಕೊಂಡು ಆಡಿದವರೇ, ಆದರೆ ಹೀಗೆ ಲೆಕ್ಕ ಇಟ್ಟವರಲ್ಲ. ಆಡಿದ್ದನ್ನೇ ಆಡುವುದರಲ್ಲಿ, ಅದನ್ನು ಬರೆದಿಡುವುದರಲ್ಲಿ ಏನಿದೆ? ಇನ್ನೊಂದು, ಅಟ್ಟದ ಮೇಲಿರುವ ನನ್ನ ಹಳೇ ಸೆಟ್ಟು ಈಗಿನ ಟಿವಿಗೆ ಹೊಂದುತ್ತದೆಯೇ?
— ಓದುಗರೊಬ್ಬರು, ಹರಿಹರ

ಉತ್ತರ: ನೀವು ಲೆಕ್ಕ ಇಟ್ಟಿರಲಿಲ್ಲ ಅನ್ನುವುದನ್ನು ನಾನು ಒಪ್ಪಲಾರೆ. ಮರಿಯೋದ 1-2ರಲ್ಲಿ ಚಾವಣಿ ಮೇಲೆ ಹತ್ತಿ ಕೊನೆತನಕ ಓಡಿದರೆ ಮೂರು ಪೈಪು ಸಿಗುತ್ತವೆ, ಅದರಲ್ಲೊಂದಕ್ಕೆ ಇಳಿದರೆ ನೇರ ನಾಲ್ಕನೇ ಲೋಕ ಎಂಬುದು ಇವತ್ತಿಗೂ ನಿಮಗೆ ನೆನಪಿದ್ದೀತು. ಕಾಂಟ್ರಾ ಶುರುವಾಗುವ ಮುಂಚೆ ಮೇಲೆ-ಮೇಲೆ, ಕೆಳಗೆ-ಕೆಳಗೆ, ಎಡ-ಬಲ, ಎಡ-ಬಲ, ಆಮೇಲೆ ಬಿ, ಎ ಒತ್ತಿದರೆ 3 ಲೈಫ್ ಬದಲು 30 ಬರುತ್ತಿತ್ತಲ್ಲ, ಅದನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬಾಣ ಹಾಕಿ ಬರೆದಿಟ್ಟುಕೊಂಡ ಹುಡುಗರು ಒಂದೊಂದು ಓಣಿಯಲ್ಲೂ ಇದ್ದರು. (ಈ ಗುಟ್ಟಿನ ಮೂಲ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ ಗ್ರಾಡಿಯಸ್ ಎಂಬ ಗೇಮನ್ನು ಮನೆಯ ಸೆಟ್ಟಿಗೆ ಇಳಿಸುವಾಗ ಅದು ಅವರಿಗೇ ದಾಟಲಾಗದಷ್ಟು ಕಷ್ಟವಾಗಿತ್ತು. ಪರೀಕ್ಷೆ ಮಾಡಲಿಕ್ಕೆಂದು ತಮಗಾಗಿ ಹಾಕಿಕೊಂಡ ಕೋಡ್ ಗೇಮಿನೊಳಗೇ ಉಳಿದುಬಿಟ್ಟಿತು.) ನಿಮ್ಮ ತಮ್ಮನ ಪಟ್ಟಿ ಮೊಬೈಲಿನಲ್ಲಿದೆ, ನಿಮ್ಮದು ಬೆರಳ ತುದಿಯಲ್ಲಿದೆ.

ಆ ಕಾಲದಲ್ಲಿ ಮತ್ತೆ ಮತ್ತೆ ಆಡುವುದನ್ನು ಯಾರೂ ಆರಿಸಿಕೊಂಡಿದ್ದಲ್ಲ, ಬೇರೆ ದಾರಿಯೇ ಇರಲಿಲ್ಲ. 1985ರ ಸೂಪರ್ ಮರಿಯೋದಲ್ಲಿ 8 ಲೋಕ, 32 ಲೆವೆಲ್. ಕಾಂಟ್ರಾದಲ್ಲಿ 8 ಹಂತ. ಎರಡರಲ್ಲೂ ಸೇವ್ ಎಂಬುದಿಲ್ಲ. ಏಳನೇ ಲೋಕದಲ್ಲಿದ್ದಾಗ ಕರೆಂಟ್ ಹೋಯಿತೋ, ಮತ್ತೆ 1-1. ಹರಿಹರದಂಥ ಕಾರ್ಖಾನೆ ಊರಿನಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆಯೂ ಸೇರುತ್ತಿತ್ತು. ಕಿರ್ಲೋಸ್ಕರಿನಲ್ಲೋ ಹೊಳೆಯಾಚೆ ಪಾಲಿಫೈಬರ್ಸಿನಲ್ಲೋ ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದ್ದರೆ ಸೌಂಡು ಪೂರ್ತಿ ಇಳಿಸಿ ಆಡಬೇಕು, ಎದ್ದರೆ ಸೆಟ್ ಬಿಚ್ಚಿ ಆಂಟೆನಾ ವೈರ್ ವಾಪಸ್ ಟಿವಿಗೆ ಸಿಕ್ಕಿಸಬೇಕು. ಕ್ಯಾಸೆಟ್ಟಿನ ಮೇಲೆ 9999999 ಇನ್ 1 ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದುದು ಬೆರಳೆಣಿಕೆಯ ಗೇಮು, ಮಿಕ್ಕಿದ್ದೆಲ್ಲ ಅದೇ ಗೇಮು ಬೇರೆ ಬೇರೆ ಲೆವೆಲ್‌ನಿಂದ ಶುರುವಾಗುವಂಥದ್ದು. ಮೋಸ ಅಂತ ಬೈದುಕೊಂಡದ್ದು ನಿಜ. ಆದರೆ ನೇರವಾಗಿ ತಲುಪಲಾಗದ ಲೆವೆಲ್‌ಗಳನ್ನು ಬಹಳ ಮಕ್ಕಳು ಕಣ್ಣಾರೆ ಕಂಡದ್ದು ಆ ಮೋಸದಿಂದಲೇ.

ಈಗ ಆಯ್ಕೆಯಿದೆ, ಹೊಸ ಗೇಮ್ ರಾಶಿ ಬಿದ್ದಿವೆ. ಆದರೂ ಅವನು ಹಳೆಯದಕ್ಕೇ ಮರಳುತ್ತಾನೆ, ಯಾಕೆ? ನಿಮ್ಮೂರ ಪಕ್ಕದಲ್ಲೇ ಉದಾಹರಣೆಯಿದೆ. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ‘ಪೊಲೀಸನ ಮಗಳು’ ಆಡುವಾಗ ಕಥೆ ಗೊತ್ತಿದ್ದವರೇ ಮತ್ತೆ ಟಿಕೆಟ್ ತೆಗೆಯುತ್ತಿದ್ದರು. ಮುಂದೇನಾಗುತ್ತದೆ ಎಂಬ ಕುತೂಹಲ ಮುಗಿದ ಮೇಲೆ, ಇದನ್ನು ಹೇಗೆ ಆಡುತ್ತಾರೆ ಎಂಬುದನ್ನು ನೋಡುವ ಕಣ್ಣು ತೆರೆಯುತ್ತದೆ. ಗೇಮಿನಲ್ಲಿ ಆಡುವವರು ನಾವೇ ಆದ್ದರಿಂದ ಆ ಕಣ್ಣು ನಮ್ಮ ಕೈಯ ಮೇಲೇ ಬೀಳುತ್ತದೆ. ಮೊದಲ ಸಲ ಹೆದರಿ ಓಡಿದ ಜಾಗದಲ್ಲಿ ಎರಡನೇ ಸಲ ನಿಂತು ನೋಡುತ್ತೇವೆ. ಮೊದಲ ಸಲ ಒಬ್ಬನ ಪರ ನಿಂತಿದ್ದರೆ ಈ ಸಲ ಅವನ ವಿರುದ್ಧ ಆರಿಸಿ ಕಥೆ ಎತ್ತ ಹೋಗುತ್ತದೋ ನೋಡುತ್ತೇವೆ. ವೇಗಕ್ಕಾಗಿ ಆಡುವವರ ಪಂಗಡವೇ ಬೇರೆ: ನಾವು ಬೇಸಿಗೆ ರಜೆಯೆಲ್ಲ ಒದ್ದಾಡಿದ ಅದೇ ಮರಿಯೋವನ್ನು 5 ನಿಮಿಷದೊಳಗೆ ಮುಗಿಸುವವರಿದ್ದಾರೆ, ಅದರಲ್ಲಿ ಸೆಕೆಂಡಿನ ಒಂದಂಶ ಉಳಿಸಲು ವರ್ಷಗಟ್ಟಲೆ ಆಡುತ್ತಾರೆ. ಇದ್ಯಾವುದೂ ಇಲ್ಲದೆ, ಪರೀಕ್ಷೆ ಮುಗಿದ ಸಂಜೆ ಗೊತ್ತಿರುವ ಊರಲ್ಲಿ ಸುಮ್ಮನೆ ಸುತ್ತಾಡಿದ ಹಾಗಾಗಲಿ ಅಂತ ಆಡುವವರೂ ಬೇಕಾದಷ್ಟು ಜನ. ನನಗೆ ಅತ್ಯಂತ ಇಷ್ಟದ ಬಗೆ ಇದು.

ಇನ್ನು ಲೆಕ್ಕದ ವಿಷಯ. ಇದರ ಬೆಲೆ ಚೆನ್ನಾಗಿ ಗೊತ್ತಾದದ್ದು ಬ್ರೌಸಿಂಗ್ ಸೆಂಟರಿನ ದಿನಗಳಲ್ಲಿ. ದಾವಣಗೆರೆಯ ಪಿ.ಜೆ. ಬಡಾವಣೆ, ವಿದ್ಯಾನಗರದ ಕಡೆ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ವೈಸ್ ಸಿಟಿ ಆಡಿದವರನ್ನು ಕೇಳಿ. ಆ ಗೇಮಿನಲ್ಲಿ ಸೇವ್ ಮಾಡಲು ಇದ್ದದ್ದು 8 ಜಾಗ, ಒಂದು ಕಂಪ್ಯೂಟರಿನಲ್ಲಿ ಕೂರುವವರು ಊರಿಗೂರೇ. ನಿನ್ನೆ ಕಷ್ಟಪಟ್ಟು ಮುಗಿಸಿದ ಮಿಷನ್ ಮೇಲೆ ಇವತ್ತು ಬೆಳಿಗ್ಗೆ ಬಂದ ಯಾರೋ ತಮ್ಮದನ್ನು ಸೇವ್ ಮಾಡಿ ಹೋಗಿರುತ್ತಿದ್ದರು. ಕೆಲವು ಕಡೆ ಕಂಪ್ಯೂಟರ್ ರೀಸ್ಟಾರ್ಟ್ ಆದ ಕೂಡಲೇ ಎಲ್ಲ ಅಳಿಸಿಹೋಗುವ ಹಾಗೆ ಮಾಡಿಟ್ಟಿರುತ್ತಿದ್ದರು. ಬುದ್ಧಿವಂತರು ಮೈ ಡಾಕ್ಯುಮೆಂಟ್ಸ್ ಒಳಗಿನ ‘ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್’ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುವರು, ಮಾರನೇ ದಿನ ಅದನ್ನು ಬೇರೆ ಸೆಂಟರಿನ ಕಂಪ್ಯೂಟರಿಗೆ ಹಾಕಿ ಅಲ್ಲಿಂದಲೇ ಮುಂದುವರಿಸುವರು. ನಿಮ್ಮ ತಮ್ಮನ ಪಟ್ಟಿಯ ಹಿಂದಿರುವ ಕಳವಳವೂ ಇದೇ: ನಾನು ಆಡಿದ್ದು ಉಳಿಯಲಿ.

ಹೆಚ್ಚು ಉಳಿಯುವುದಿಲ್ಲ ಎಂಬುದನ್ನು ಪಬ್‌ಜಿ ತೋರಿಸಿಕೊಟ್ಟಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಮುಂದಿನ ವರ್ಷ ಜುಲೈ 2ಕ್ಕೆ ಬಿಜಿಎಂಐ ಹೆಸರಿನಲ್ಲಿ ಬಂದಾಗ ಹಳೆಯ ಅಕೌಂಟಿನ ಬಟ್ಟೆಬರೆ, ಬಂದೂಕಿನ ಬಣ್ಣಗಳನ್ನು ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟರು. ಆ ಅವಕಾಶ ತಪ್ಪಿಸಿಕೊಂಡವರದ್ದು ಹೋಯಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಕಾಣೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಬ್ರೌಸರಿನಲ್ಲಿ ಆಡುತ್ತಿದ್ದ ಫ್ಲ್ಯಾಶ್ ಗೇಮ್‌ಗಳ ಆಧಾರವೇ 2020ರ ಡಿಸೆಂಬರ್ 31ಕ್ಕೆ ಕಳಚಿತು, ಫೇಸ್‌ಬುಕ್ಕಿನ ಫಾರ್ಮ್‌ವಿಲ್ ಕೂಡ ಅದೇ ದಿನ ಮುಚ್ಚಿತು. ಅಲ್ಲಿ ಬಿತ್ತಿ ಬೆಳೆದ ಹೊಲ ಈಗ ಯಾರಿಗೂ ತೆರೆಯುವುದಿಲ್ಲ.

ಇದಕ್ಕೇ ನಾನು ಕಂಪನಿಯ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ ಅನ್ನುತ್ತೇನೆ. ಎಕ್ಸ್‌ಬಾಕ್ಸ್ 2005ರಲ್ಲಿ ‘ಅಚೀವ್‌ಮೆಂಟ್’ ಶುರು ಮಾಡಿತು, ಪ್ಲೇಸ್ಟೇಷನ್ 2008ರಲ್ಲಿ ಟ್ರೋಫಿ ಕೊಡತೊಡಗಿತು, ಸ್ಟೀಮ್ ಎಷ್ಟು ತಾಸು ಆಡಿದಿರಿ ಎಂದು ಎಣಿಸಿ ತೋರಿಸುತ್ತದೆ. ತಾಸಿನ ಲೆಕ್ಕ ನನ್ನ ಮಟ್ಟಿಗೆ ಬಹಳ ಬಡಕಲು. ಗೇಮ್ ಹಾಗೇ ಬಿಟ್ಟು ಊಟಕ್ಕೆ ಎದ್ದು ಹೋದ ಹೊತ್ತೂ ಅದರಲ್ಲಿ ಸೇರಿರುತ್ತದೆ. ಟ್ರೋಫಿ ಎಣಿಸುತ್ತ ಕೂತರೆ ಗೇಮು ಮನೆಗೆಲಸದಂತಾಗುವ ಅಪಾಯವೂ ಉಂಟು. ಬಾಕಿ ಪಟ್ಟಿಯನ್ನು ಅವನು ಸಾಲದ ಪುಸ್ತಕ ಅಂದುಕೊಳ್ಳದಿರಲಿ. ಹಿಡಿಸದ ಗೇಮನ್ನು ಅರ್ಧಕ್ಕೆ ಬಿಟ್ಟರೆ ‘ಬಿಟ್ಟೆ’ ಎಂದು ಬರೆದು ಮುಂದೆ ಹೋಗಲಿ.

ಬರೆಯಬೇಕಾದ್ದು ಬೇರೆ ಇದೆ. ಯಾವ ತಿಂಗಳು, ಯಾರ ಜೊತೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ದಾಟಿದೆ. ಎಲ್ಲಕ್ಕಿಂತ ಮುಖ್ಯ, ಗೇಮ್ ಮುಚ್ಚುವ ಮುನ್ನ ‘ಮುಂದೆ ಮಾಡಬೇಕಾದ್ದು’ ಅಂತ ಒಂದು ಸಾಲು: ಉತ್ತರದ ಕೋಟೆಯ ಕೀಲಿ ಸಿಕ್ಕಿದೆ, ಸೇತುವೆ ಬಳಿಯ ಮುದುಕನನ್ನು ಕಾಣಬೇಕು, ಗುರಾಣಿಗೆ ಎಡಗಡೆ ಬಟನ್. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಬಂದಾಗ ಯಾವ ಬಟನ್ ಏನು ಮಾಡುತ್ತದೆ ಎಂಬುದೇ ಮರೆತಿರುತ್ತದೆ. ಅರ್ಧಕ್ಕೆ ನಿಂತ ಗೇಮ್‌ಗಳು ಮತ್ತೆ ಶುರುವಾಗದೇ ಇರುವುದು ಹೆಚ್ಚಾಗಿ ಈ ಕಾರಣಕ್ಕೆ. ಆಟದ ದಾಖಲೆ ಬರೆದಿಡುವುದು ಹುಡುಗಾಟಿಕೆ ಎಂದು ಮನೆಯಲ್ಲಿ ಯಾರಾದರೂ ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಹೇಳಿ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಅವರು ಹುಡುಕಿ ದಾಖಲಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು.

ಈಗ ನಿಮ್ಮ ಸೆಟ್ಟು. ಅದರ ಹಿಂದೆ ಹಳದಿ, ಕೆಂಪು ಎವಿ ಪಿನ್ ಇದ್ದು ಟಿವಿಯಲ್ಲೂ ಅದೇ ತೂತುಗಳಿದ್ದರೆ ನೇರ ಹಾಕಿ. ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅಡಾಪ್ಟರ್ ಹಳೆಯದಾದರೆ ವೋಲ್ಟೇಜ್ ನೋಡದೆ ಚುಚ್ಚಬೇಡಿ. ಕ್ಯಾಸೆಟ್ ಓಡದಿದ್ದರೆ ಆಗ ಮಾಡುತ್ತಿದ್ದಂತೆ ಬಾಯಲ್ಲಿ ಊದಬೇಡಿ, ಉಸಿರಿನ ತೇವಕ್ಕೆ ಪಿನ್ನುಗಳು ಹಾಳಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಬಾತುಕೋಳಿ ಹೊಡೆಯುವ ಬಂದೂಕು ಮಾತ್ರ ಎಲ್ಇಡಿ ಟಿವಿಯಲ್ಲಿ ಕೆಲಸ ಮಾಡದು. ಕುದುರೆ ಎಳೆದ ಕ್ಷಣ ತೆರೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ, ಬಂದೂಕಿನ ಕಣ್ಣು ಆ ಬೆಳಕನ್ನು ಹಿಡಿಯಬೇಕು. ಪಿಕ್ಚರ್ ಟ್ಯೂಬಿನಲ್ಲಿ ಬೆಳಕು ತಕ್ಷಣ ಬರುತ್ತದೆ, ಎಲ್ಇಡಿಯಲ್ಲಿ ಚೂರು ತಡವಾಗುತ್ತದೆ, ಅಷ್ಟರಲ್ಲಿ ಗುರಿ ತಪ್ಪಿರುತ್ತದೆ. ಮನೆಯಲ್ಲಿ ಹಳೇ ಡಬ್ಬಾ ಟಿವಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ಇಬ್ಬರೂ ಅದರ ಮುಂದೆಯೇ ಕೂತು ಆಡಿ.