ಕಾಯಿಪಲ್ಲೆಗಳನ್ನು ಎಳೆಯಾಗಿ ಹೆಚ್ಚಿ ಒಣಗಿಸುವ ಕ್ರಮ

ಕಾಯಿಪಲ್ಲೆ ಬೆಳೆಯುವ ಸೀಮೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಸಂಗತಿಯು ತಪ್ಪದೆ ನಡೆಯುವುದುಂಟು. ಗಜ್ಜರಿಯಾಗಲಿ, ನವಿಲುಕೋಸಾಗಲಿ, ಗೋರಿಕಾಯಿಯಾಗಲಿ ಎಲ್ಲ ಹೊಲಗಳಲ್ಲಿಯೂ ಒಂದೇ ಸಲಕ್ಕೆ ಕೊಯ್ಲಿಗೆ ಬಂದು, ಪೇಟೆಯಲ್ಲಿ ಧಾರಣೆಯು ಇಳಿದು, ಸಾಗಣೆಯ ಬಾಡಿಗೆಯೂ ಹುಟ್ಟದೆ, ಬೆಳೆಗಾರನು ಮಾಲನ್ನು ತಿಪ್ಪೆಗೆ ಸುರಿಯುವನು ಇಲ್ಲವೆ ದನಗಳಿಗೆ ಹಾಕುವನು. ಅದೇ ಮನೆಯವರೇ ಮೂರು ತಿಂಗಳು ಕಳೆದ ಮೇಲೆ ಮಳೆಗಾಲದಲ್ಲಿ ಅದೇ ಕಾಯಿಯನ್ನು ಹೆಚ್ಚಿನ ಕ್ರಯ ಕೊಟ್ಟು ಸಂತೆಯಿಂದ ತರುವರು. ಹಾಗಲಕಾಯಿಯ ಬಾಳಕ, ಒಣಗಿಸಿದ ಗೋರಿಕಾಯಿ, ಬೂದುಗುಂಬಳದ ಸಂಡಿಗೆ ಇವುಗಳನ್ನು ಮಾಡಿಡುವ ಪದ್ಧತಿಯು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇದ್ದೇ ಇದೆ. ಆದರೆ ಗಜ್ಜರಿ, ಕೋಸು, ನವಿಲುಕೋಸು, ಬೀಟ್ರೂಟ್ ಮುಂತಾದ ಸೀಮೆಯ ತರಕಾರಿಗಳನ್ನು ಇದೇ ರೀತಿ ಕಾಪಾಡಬಹುದೆಂಬುದನ್ನು ಅನೇಕರು ಪರೀಕ್ಷಿಸಿ ನೋಡಿಲ್ಲ; ನೋಡಿದವರಲ್ಲಿಯೂ ಹಲವರು ದಪ್ಪ ಹೋಳುಗಳನ್ನು ಒಣಹಾಕಿ, ಅವು ಬೂಷ್ಟು ಹಿಡಿದದ್ದನ್ನು ಕಂಡು, ಕೆಲಸವನ್ನೇ ಕೈಬಿಟ್ಟಿದ್ದಾರೆ. ಇಲ್ಲಿ ದೋಷವಿರುವುದು ತರಕಾರಿಯಲ್ಲಲ್ಲ, ಹೆಚ್ಚಿದ ಬಗೆಯಲ್ಲಿ.

ತೆಳುವಾದ ಎಳೆಯು ಏಕೆ ಬೇಗ ಒಣಗುವುದೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಹದಿನೈದು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಡ್ಡಗಲವುಳ್ಳ ಒಂದು ಗಜ್ಜರಿಯ ಹೊರಮೈಯು ಸುಮಾರು ೧೫೫ ಚದರ ಸೆಂಟಿಮೀಟರ್ ಆಗುತ್ತದೆ. ಅದನ್ನೇ ಮೂರು ಮಿಲಿಮೀಟರ್ ದಪ್ಪದ ಚೌಕವಾದ ಎಳೆಗಳಾಗಿ ಸೀಳಿದರೆ ಎಲ್ಲ ಎಳೆಗಳ ಮೈಯೂ ಸೇರಿ ೧,೪೦೦ ಚದರ ಸೆಂಟಿಮೀಟರಿಗೆ ಮೀರುತ್ತದೆ. ಎಂದರೆ ಗಾಳಿಗೆ ತೆರೆದುಕೊಳ್ಳುವ ಮೈಯು ಒಂಬತ್ತು ಪಾಲಾಯಿತು. ಇದಲ್ಲದೆ ಒಳಗಿನ ನೀರು ಹೊರಮೈಗೆ ಬರಲು ನಡೆಯಬೇಕಾದ ದೂರವೂ ಕಡಿಮೆಯಾಗುತ್ತದೆ. ಹೋಳಿನ ದಪ್ಪವು ಎರಡರಷ್ಟಾದರೆ ಒಣಗುವ ಕಾಲವು ಎರಡರಷ್ಟಕ್ಕೇ ನಿಲ್ಲುವುದಿಲ್ಲ, ನಾಲ್ಕರಷ್ಟರವರೆಗೂ ಹೋಗುವುದುಂಟು. ಎರಡು ದಿನಗಳಲ್ಲಿ ಮುಗಿಯುವ ಕೆಲಸವು ವಾರಕ್ಕೆ ಹೋದರೆ, ನಡುವೆ ಮೋಡವೋ ಇಬ್ಬನಿಯೋ ಬಂದು ಪದಾರ್ಥವು ಕೆಡದೆ ಇರಲಾರದು.

ಎಳೆಯ ದಪ್ಪವು ಮೂರು ಮಿಲಿಮೀಟರ್ ಇರುವುದು ಯುಕ್ತ. ಒಂದು ರೂಪಾಯಿಯ ನಾಣ್ಯಗಳೆರಡನ್ನು ಒಂದರ ಮೇಲೊಂದಿಟ್ಟರೆ ಆಗುವ ದಪ್ಪವೇ ಸರಿಸುಮಾರು ಇಷ್ಟು. ಇದಕ್ಕಿಂತಲೂ ತೆಳುವಾದರೆ ಒಣಗಿದ ಮೇಲೆ ಪುಡಿಯಾಗುವುದು. ದಪ್ಪವು ಎಷ್ಟಿರಬೇಕೆಂಬುದಕ್ಕಿಂತ ಎಲ್ಲವೂ ಒಂದೇ ಸಮವಾಗಿರಬೇಕೆಂಬುದು ಹೆಚ್ಚು ಮುಖ್ಯವಾದ ಮಾತು. ಒಂದು ಡಬ್ಬಿಯಲ್ಲಿ ಹತ್ತು ದಪ್ಪ ಎಳೆಗಳು ಒಳಗೆ ಹಸಿಯಾಗಿ ಉಳಿದಿದ್ದರೆ ಸಾಕು, ಅವು ಉಳಿದುದೆಲ್ಲಕ್ಕೂ ತೇವವನ್ನು ಹಂಚುತ್ತವೆ.

ಹೆಚ್ಚುವುದಕ್ಕೆ ಮನೆಯ ಈಳಿಗೆಮಣೆಯೇ ಸಾಕು. ಮಲೆನಾಡು, ಕರಾವಳಿಗಳಲ್ಲಿ ಇದನ್ನೇ ಮೆಟ್ಟುಕತ್ತಿಯೆನ್ನುವರು. ಮಣೆಯನ್ನು ಕಾಲಿನಿಂದ ಅದುಮಿ ಎರಡು ಕೈಗಳಿಂದಲೂ ಕಾಯನ್ನು ಹಿಡಿದು ಅಲಗಿಗೆ ಒತ್ತುವುದರಿಂದ, ಅಭ್ಯಾಸವುಳ್ಳ ಹೆಂಗಸರು ಇದರ ಮೇಲೆ ಹೆಚ್ಚುವಷ್ಟು ಸಮವಾಗಿ ಬೇರೆಯವರು ಚಾಕುವಿನಿಂದ ಹೆಚ್ಚಲಾರರು. ಮೊದಲು ಕಾಯಿಯನ್ನು ತೊಳೆದು, ಸಿಪ್ಪೆ ಹೆರೆದು, ಬೆರಳುದ್ದದ ತುಂಡುಗಳಾಗಿ ಮಾಡತಕ್ಕದ್ದು. ಹೆಚ್ಚಿದ ಮೇಲೆ ತೊಳೆಯಕೂಡದು. ನೀರಿನಲ್ಲಿ ಕರಗುವ ಜೀವಸತ್ವಗಳು ಕೊಯ್ದ ಬಾಯಿಯ ಮೂಲಕ ಹರಿದುಹೋಗುತ್ತವೆ. ಬಳಿಕ ತುಂಡನ್ನು ಉದ್ದುದ್ದವಾಗಿ ಹಲಗೆಗಳಂತೆ ಸೀಳಿ, ಮೂರು ನಾಲ್ಕು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಮತ್ತೆ ಉದ್ದಕ್ಕೆ ಸೀಳಿದರೆ ಎಳೆಗಳು ದೊರೆಯುವುವು. ಚಾಕುವನ್ನು ಬಳಸುವವರು ದುಂಡು ಕಾಯಿಯ ಒಂದು ಮಗ್ಗುಲನ್ನು ಮೊದಲು ಚಪ್ಪಟೆಯಾಗಿ ಕೊಯ್ದು ಆ ಮಗ್ಗುಲನ್ನು ಕೆಳಗೆ ಮಾಡಿ ಇಡಬೇಕು. ಉರುಳುವ ಕಾಯಿಯೇ ಬೆರಳು ಕೊಯ್ಯುವುದಕ್ಕೆ ಮುಖ್ಯ ಕಾರಣ. ಕೊನೆಗೆ ಉಳಿಯುವ ಗಿಡ್ಡ ತುದಿಯನ್ನು ಆ ದಿನದ ಸಾರಿಗೆ ಹಾಕುವುದು ಲೇಸು. ಅದನ್ನೂ ಸೀಳಿಯೇ ತೀರಬೇಕೆಂಬ ಮಿತವ್ಯಯವು ಕೈಗೆ ಅಪಾಯ.

ಅಲಗು ಹರಿತವಾಗಿರಬೇಕು. ಮೊಂಡು ಅಲಗು ಕಾಯನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ರಸವು ಹೊರಬಂದು ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಒಣಗುತ್ತವೆ. ತುರಿಯುವ ತಟ್ಟೆಯ ದೋಷವೂ ಇದೇ. ಕೋಸಂಬರಿಗೆ ಗಜ್ಜರಿಯನ್ನು ತುರಿದು ಅಂದೇ ಉಣ್ಣುವುದಾದರೆ ಆ ತಟ್ಟೆ ಒಳ್ಳೆಯದು. ಒಣಗಿಸುವುದಕ್ಕೆ ಅದು ತಕ್ಕುದಲ್ಲ. ಶಾವಿಗೆಯ ಒರಳಿನಲ್ಲಿ ಹಸಿ ತರಕಾರಿಯನ್ನು ಒತ್ತಿ ಎಳೆ ತೆಗೆಯಬಹುದೆಂದು ಕೆಲವರು ಊಹಿಸುವರು. ಅದು ಬೆಂದ ಹಿಟ್ಟಿಗಾಗಿ ಮಾಡಿದ ಸಾಧನ. ಹಸಿ ಕಾಯಿಯನ್ನು ಒತ್ತಿದರೆ ರಸ ಸುರಿಯುವುದೇ ಹೊರತು ಎಳೆ ಬಾರದು. ಕೈಹಿಡಿಯನ್ನು ತಿರುಗಿಸಿ ಕಾಯಿಯಿಂದ ಸುರುಳಿಯಾದ ಉದ್ದ ಎಳೆಗಳನ್ನು ತೆಗೆಯುವ ಸಣ್ಣ ಯಂತ್ರಗಳು ಈಗ ಪೇಟೆಗಳಲ್ಲಿ ದೊರೆಯುತ್ತವೆ. ಗಜ್ಜರಿ, ಬೀಟ್ರೂಟ್, ಎಳೆಯ ಸೋರೆಕಾಯಿ, ಸೀಮೆಬದನೆಕಾಯಿ ಇವುಗಳಿಗೆ ಅವು ಚೆನ್ನಾಗಿ ಒಪ್ಪುವುವು. ಸೋರೆಯ ಇಂತಹ ಎಳೆಗಳನ್ನು ಎರಡು ಮೂರು ನಿಮಿಷ ಹಬೆಯಲ್ಲಿ ಬೇಯಿಸಿ ಒಗ್ಗರಣೆ ಕೊಟ್ಟರೆ ಶಾವಿಗೆಯ ಉಪ್ಪಿಟ್ಟಿನಂತೆಯೇ ಉಣ್ಣಬಹುದು. ಪಿಷ್ಟ ಪದಾರ್ಥವು ಬಹಳ ಕಡಿಮೆಯಿರುವುದರಿಂದ ಸಕ್ಕರೆ ಕಾಯಿಲೆಯವರಿಗೂ ಇದು ಅನುಕೂಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಹೆಚ್ಚುವ ಮೊದಲು ಸೋರೆಕಾಯಿಯ ಚೂರನ್ನು ನಾಲಗೆಗೆ ಮುಟ್ಟಿಸಿ ನೋಡತಕ್ಕದ್ದು. ಕಹಿಯಾಗಿದ್ದರೆ ಇಡೀ ಕಾಯನ್ನು ಎಸೆಯಬೇಕು. ಆ ಕಹಿಯು ವಿಷ. ಬೇಯಿಸಿದರೂ ಹೋಗುವುದಿಲ್ಲ, ವಾಂತಿಭೇದಿಯಾಗಿ ಪ್ರಾಣಕ್ಕೂ ಅಪಾಯವಾದ ನಿದರ್ಶನಗಳುಂಟು. ಆಲೂಗೆಡ್ಡೆಯ ಹಸುರು ಭಾಗವನ್ನೂ ಮೊಳಕೆಯನ್ನೂ ಇದೇ ರೀತಿ ಕೆತ್ತಿ ತೆಗೆದುಬಿಡಬೇಕು.

ಗಜ್ಜರಿ, ನವಿಲುಕೋಸು, ಕೋಸು, ಹುರುಳಿಕಾಯಿ ಇವುಗಳ ಎಳೆಗಳನ್ನು ಒಣಹಾಕುವ ಮೊದಲು ಕುದಿನೀರಿನಲ್ಲಿ ಅದ್ದುವುದು ಅವಶ್ಯಕ. ಒಂದು ಕಿಲೋ ಎಳೆಗೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲದ ನೀರನ್ನು ಮರಳಿಸಿ, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದ ಎಳೆಗಳನ್ನು ಎರಡರಿಂದ ಮೂರು ನಿಮಿಷ ಮುಳುಗಿಸಿ ತೆಗೆದು, ತತ್‌ಕ್ಷಣ ತಣ್ಣೀರಿನಲ್ಲಿ ಅದ್ದಿ ಬಸಿಯಬೇಕು. ಕೊಯ್ದ ತರಕಾರಿಯಲ್ಲಿ ಬಣ್ಣ, ರುಚಿಗಳನ್ನು ಕೆಡಿಸುವ ಕಿಣ್ವಗಳು ಇದರಿಂದ ನಿಷ್ಕ್ರಿಯವಾಗುತ್ತವೆ. ಈ ಕೆಲಸವನ್ನು ಬಿಟ್ಟವರ ಗಜ್ಜರಿಯು ಎರಡು ತಿಂಗಳಲ್ಲಿ ಬಣ್ಣಗೆಟ್ಟು ಒಣಹುಲ್ಲಿನ ವಾಸನೆ ಕೊಡುತ್ತದೆ. ನೀರುಳ್ಳಿಗೆ ಇದು ಬೇಡ. ಹಾಗಲಕಾಯಿಗೆ ಹಿಂದಿನವರ ಕ್ರಮದಂತೆ ಉಪ್ಪು, ಅರಿಸಿನ ಸವರಿದರೆ ಸಾಕು. ಬಾಳೆಕಾಯಿ, ಬದನೆಕಾಯಿಗಳು ಕಬ್ಬಿಣದ ಅಲಗು ತಾಗಿ ಕಪ್ಪಾಗುವುವಾದ್ದರಿಂದ ಹೆಚ್ಚಿದೊಡನೆ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುವ ರೂಢಿಯಿದೆ. ತೊಳೆಯಕೂಡದೆಂಬ ನಿಯಮಕ್ಕೆ ಇದೊಂದು ಅಪವಾದ. ಮಜ್ಜಿಗೆಯ ಹುಳಿಯು ಕಪ್ಪಾಗುವುದನ್ನು ತಡೆಯುವುದರಿಂದ ಈ ರೂಢಿಯು ಶಾಸ್ತ್ರಸಮ್ಮತವಾದುದೇ.

ಬಯಲುಸೀಮೆಯಲ್ಲಿ ಶಿವರಾತ್ರಿಯಿಂದ ಭರಣಿ ಮಳೆಯವರೆಗಿನ ಕಾಲವು ಈ ಕೆಲಸಕ್ಕೆ ಪ್ರಶಸ್ತ. ಕರಾವಳಿಯಲ್ಲಿ ಬಿಸಿಲಿದ್ದರೂ ಗಾಳಿಯಲ್ಲಿ ತೇವವು ಹೆಚ್ಚಾದ್ದರಿಂದ ಇನ್ನೂ ಒಂದೆರಡು ದಿನ ಹಿಡಿಯುವುದು. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಬಿದಿರಿನ ತಟ್ಟಿಗಳನ್ನು ಕಟ್ಟಿ, ಒಂದು ಚದರ ಮೀಟರಿಗೆ ನಾಲ್ಕೈದು ಕಿಲೋ ಮೀರದಂತೆ ಹರವಿ, ನೊಣ, ಧೂಳು ಬೀಳದಂತೆ ತೆಳು ಬಟ್ಟೆ ಹೊದಿಸತಕ್ಕದ್ದು. ಡಾಂಬರು ರಸ್ತೆಯ ಮೇಲೆ ಒಣಹಾಕುವ ಅಭ್ಯಾಸವು ಬೇಗ ಒಣಗುವುದೆಂಬ ಆಸೆಯಿಂದ ಹುಟ್ಟಿದ್ದು. ವಾಹನಗಳ ಹೊಗೆಯೂ ಎಣ್ಣೆಯೂ ಅಂಟಿದ ಆ ಪದಾರ್ಥವು ಮಕ್ಕಳ ಬಾಯಿಗೆ ಹೋಗುವುದೆಂಬುದನ್ನು ಊರಿನ ಹಿರಿಯರೇ ತಿಳಿಹೇಳಬೇಕು. ಮೊದಲ ದಿನ ಮೇಲ್ಮೈಯ ನೀರು ಆರಿದ ಬಳಿಕ ತಟ್ಟಿಗಳನ್ನು ಗಾಳಿಯಾಡುವ ನೆರಳಿಗೆ ಸರಿಸುವುದು ಉತ್ತಮ. ಗಜ್ಜರಿಗೆ ಕೆಂಪು ಬಣ್ಣವನ್ನು ಕೊಟ್ಟು, ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಸತ್ವವು ನೇರ ಬಿಸಿಲಿನಲ್ಲಿ ನಾಶವಾಗುತ್ತದೆ. ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಒಲೆಯ ಮೇಲೆ ಅತಿ ಬಿಸಿಯಲ್ಲಿ ಒಣಗಿಸಲು ಹೋದರೆ ಹೊರಮೈ ಗಟ್ಟಿಯಾಗಿ ಒಳಗಿನ ತೇವವು ಸೆರೆಯಾಗುವುದು.

ಒಣಗಿತೆಂಬುದನ್ನು ಕೈಯಿಂದ ಮುರಿದು ನೋಡುವುದು ರೂಢಿ. ಎಳೆಯು ಬಾಗದೆ ಸಿಡಿದು ಮುರಿಯಬೇಕು. ಆದರೆ ಕೈಯ ಅಂದಾಜಿಗಿಂತ ತಕ್ಕಡಿಯು ನಂಬಿಗಸ್ತ. ಹತ್ತು ಕಿಲೋ ಗಜ್ಜರಿಯಲ್ಲಿ ಸಿಪ್ಪೆ, ತುದಿಗಳು ಒಂದು ಕಿಲೋ ಹೋಗಿ ಒಂಬತ್ತು ಕಿಲೋ ಎಳೆ ಉಳಿಯಿತೆಂದು ಭಾವಿಸಿದರೆ, ಅದರಲ್ಲಿ ನೂರಕ್ಕೆ ಸುಮಾರು ೮೭ ಪಾಲು ನೀರು. ನೀರನ್ನು ಬಿಟ್ಟ ಪದಾರ್ಥವು ಒಂದು ಕಿಲೋ ೧೭೦ ಗ್ರಾಂ ಮಾತ್ರ. ಕೆಡದೆ ಉಳಿಯಲು ನೂರಕ್ಕೆ ಏಳರಷ್ಟು ತೇವವಿರಬಹುದು. ಹಾಗಾದರೆ ಒಣಗಿದ ಎಳೆಯು ಸುಮಾರು ಒಂದೂಕಾಲು ಕಿಲೋ ತೂಗಬೇಕು. ತಕ್ಕಡಿಯು ಒಂದೂವರೆ ಕಿಲೋ ತೋರಿಸಿದರೆ ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ತೇವ ಉಳಿದಿದೆ. ಮುಟ್ಟಿದರೆ ಒಣಗಿದಂತೆಯೇ ತೋರುವ ಈ ಮಾಲು ಡಬ್ಬಿಯೊಳಗೆ ಬೂಷ್ಟು ಹಿಡಿಯುವುದು ನಿಶ್ಚಯ. ಇಂತಹ ಬೂಷ್ಟನ್ನು ಒರೆಸಿ ಉಪಯೋಗಿಸಕೂಡದು. ಒಂದು ಮನೆಯ ಹೆಂಗಸರ ಮೂರು ದಿನದ ದುಡಿಮೆಯು ಈ ಕಾಲು ಕಿಲೋ ನೀರಿನಿಂದ ಹಾಳಾಗುವುದುಂಟು.

ಹತ್ತು ಕಿಲೋವಿನ ಕೆಲಸ ಮನೆಯ ಮಾತು. ಹೊಲದ ಹೆಚ್ಚಳವೆಲ್ಲವನ್ನೂ ಈಳಿಗೆಯ ಮೇಲೆ ಹೆಚ್ಚಲಾಗದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಸೇರಿ ಕೈಯಿಂದ ತಿರುಗಿಸುವ ಒಂದು ಹೆಚ್ಚುವ ಯಂತ್ರವನ್ನೂ, ಗಾಜು ಅಥವಾ ಪಾರದರ್ಶಕ ಹಾಳೆ ಹೊದಿಸಿದ ಸೂರ್ಯತಾಪದ ಒಣಪೆಟ್ಟಿಗೆಯನ್ನೂ ಊರಿಗೆ ಒದಗಿಸಿ, ಮಹಿಳಾ ಸಂಘದ ಸುಪರ್ದಿಗೆ ಕೊಡುವುದು ಉಚಿತ. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರ ಸಂಸ್ಕರಣದ ತರಬೇತಿಗಳು ನಡೆಯುತ್ತವೆ. ಮಾರಾಟ ಮಾಡುವ ಉದ್ದೇಶವಿದ್ದರೆ ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಣಿ ಮಾಡಿಸಬೇಕಾಗುವುದು.

ಒಣಗಿದ ಎಳೆಗಳನ್ನು ತಣ್ಣಗಾದ ಮೇಲೆ ಗಾಜಿನ ಅಥವಾ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮುಕ್ಕಾಲು ಭಾಗದಷ್ಟು ಮಾತ್ರ ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲ್ಲಾಡಿಸಿ ನೋಡತಕ್ಕದ್ದು. ಒಳಮೈಯಲ್ಲಿ ಹನಿ ಕಂಡರೆ ಪುನಃ ಒಣಹಾಕಬೇಕು. ಕಾಣದಿದ್ದರೆ ಅಂಚಿನವರೆಗೆ ತುಂಬಿ ಕತ್ತಲೆಯ ಕೋಣೆಯಲ್ಲಿಡಬಹುದು. ಅಡಿಗೆಗೆ ಬೇಕಾದಾಗ ಒಂದು ಹಿಡಿ ಎಳೆಯನ್ನು ನಾಲ್ಕರಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನೊಡನೆ ಸಾಂಬಾರಿಗೋ ಹುಳಿಗೋ ಹಾಕಬೇಕು. ನೆನೆದ ನೀರನ್ನು ಚೆಲ್ಲಕೂಡದು.